ಗಾಳಿಮುತ್ತು ಕೊಡದ ಮಗು ಹಿಂದುಳಿಯಿತೇ?

ಶಿಶುಗಳ ಭಾಷಾ ಬೆಳವಣಿಗೆಯನ್ನು ಅಳೆಯುವ ಸಾಧನಗಳಲ್ಲಿ ಮ್ಯಾಕಾರ್ಥರ್-ಬೇಟ್ಸ್ ಪ್ರಶ್ನಾವಳಿ ಪ್ರಸಿದ್ಧವಾದುದು. 1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇದರಲ್ಲಿ, ಮಾತು ಕೂಡಿಬರುವ ಮೊದಲೇ ಕಾಣುವ 12 ಸನ್ನೆಗಳ ಪಟ್ಟಿಯಿದೆ. ತಂದೆತಾಯಿಗಳು ಅದಕ್ಕೆ ಗುರುತು ಹಾಕಬೇಕು. ಪಟ್ಟಿಯ ಆರಂಭ ಗಟ್ಟಿಯಾಗಿದೆ: ವಸ್ತುವನ್ನು ಎತ್ತಿ ತೋರಿಸುವುದು, ಕೈಗೆ ಕೊಡುವುದು, ಬೆರಳು ಮಾಡುವುದು. ಏಳು ಸಂಸ್ಕೃತಿಗಳ ಶಿಶುಗಳನ್ನು ಹೋಲಿಸಿ ಲಿಸ್ಕೋವ್‌ಸ್ಕಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಬೆರಳು ಮಾಡುವುದು ಎಲ್ಲೆಡೆ ಕಂಡಿತು.

ತೊಡಕಿರುವುದು ಮುಂದಿನವುಗಳಲ್ಲಿ. ದೂರದಿಂದ ಗಾಳಿಯಲ್ಲಿ ಮುತ್ತು ಕಳಿಸುವುದು, 'ಖಾಲಿ' ಎನ್ನಲು ಭುಜ ಹಾರಿಸುವುದು ಇತ್ಯಾದಿ. ಪಟ್ಟಿಯನ್ನು ಹಾಗೆಯೇ ಕನ್ನಡಿಸಿ ತುಮಕೂರಿನ ಸದಾಶಿವನಗರದ ಮನೆಯೊಂದಕ್ಕೆ ಒಯ್ದರೆ ಏನಾದೀತು? 'ಜೇಜಿ ಮಾಡು' ಎಂದರೆ ಕೈ ಮುಗಿಯುವ, ತುತ್ತು ನುಂಗುತ್ತ ಚಂದಮಾಮನನ್ನು ಕೈಬೀಸಿ ಕರೆಯುವ ಮಗುವಿಗೆ ಅಂಕ ಕಡಿಮೆ. ಚುರುಕಾದ ಮಗುವೇ 'ನಿಧಾನ' ಎನಿಸಿಕೊಳ್ಳುತ್ತದೆ.

ಹಾಗೆಂದು ನಮಸ್ಕಾರವನ್ನು ಸೇರಿಸಿಬಿಟ್ಟರೆ ಮುಗಿಯಲಿಲ್ಲ. (ನೆಂಟರೆದುರು ಅದನ್ನು ಮಾಡಿಸದ ಮನೆಯುಂಟೇ?) ಅದು ಹೇಳಿಸಿಕೊಂಡು ಮಾಡುವ ವಿದ್ಯೆ; ಕಿವಿ ಮಂದವಾದ ಮಗುವೂ ನೋಡಿಯೇ ಕಲಿತೀತು, ದೋಷ ಮರೆಯಾಗಿಯೇ ಉಳಿದೀತು. ಐವರ್ಸನ್ ಮತ್ತು ಗೋಲ್ಡಿನ್-ಮೆಡೊ 2005ರಲ್ಲಿ ವರದಿ ಮಾಡಿದ್ದು ಬೇರೆಯದೇ ಸುಳಿವನ್ನು. ಅವರು ಗಮನಿಸಿದ್ದು 10 ಮಕ್ಕಳನ್ನಷ್ಟೇ. ಲೋಟದತ್ತ ಬೆರಳು ಮಾಡಿ 'ಕೊಡು' ಎನ್ನುವಂತೆ ಸನ್ನೆಗೊಂದು ಬೇರೆ ಪದ ಸೇರಿಸಲು ಬೇಗ ತೊಡಗಿದವರು, ಎರಡು ಪದಗಳನ್ನು ಕೂಡಿಸಿದ್ದೂ ಬೇಗ.

ಆದ್ದರಿಂದ ಅಂಗನವಾಡಿ ಕಾರ್ಯಕರ್ತೆ ತಾಯಿಯನ್ನು ಕೇಳಬೇಕಾದುದು 'ಟಾಟಾ ಮಾಡುತ್ತದೆಯೇ?' ಎಂದಲ್ಲ, ಮಗು ಯಾರೂ ಹೇಳದೆ ಏನನ್ನು ತೋರಿಸಿತು, ಆಗ ಬಾಯಲ್ಲಿ ಏನು ಬಂತು ಎಂದು. ಎರಡೂ ಇಲ್ಲವೆಂದರೆ ಮೊದಲು ಕಿವಿಯ ಪರೀಕ್ಷೆಯಾಗಲಿ.