ಕೆಂಪು ಖಾತೆಪುಸ್ತಕದ ಕಲಾವಿದ: ಸತ್ಯಜಿತ್ ರಾಯ್

ಬಂಗಾಳದ ವರ್ತಕರು ಲೆಕ್ಕ ಬರೆಯುತ್ತಿದ್ದ ಕೆಂಪು ಬಟ್ಟೆಯ ಹೊದಿಕೆಯುಳ್ಳ ಖಾತೆಪುಸ್ತಕಗಳಲ್ಲಿಯೇ ಸತ್ಯಜಿತ್ ರಾಯ್ (1921–1992) ತಮ್ಮ ಚಲನಚಿತ್ರಗಳನ್ನು ರೂಪಿಸಿದರು. ಸಂಭಾಷಣೆಯ ಪಕ್ಕದಲ್ಲಿಯೇ ದೃಶ್ಯದ ರೇಖಾಚಿತ್ರ, ಉಡುಪಿನ ವಿವರ. ಚಿತ್ರಕಾರ, ಕಥೆಗಾರ, ನಿರ್ದೇಶಕ ಈ ಮೂವರ ಲೆಕ್ಕವೂ ಆ ಪುಟಗಳಲ್ಲಿ ಒಂದಾಗುತ್ತಿತ್ತು.

ಶಾಂತಿನಿಕೇತನದಲ್ಲಿ ನಂದಲಾಲ್ ಬೋಸ್, ಬಿನೋದ್ ಬಿಹಾರಿ ಮುಖರ್ಜಿಯವರ ಬಳಿ ಚಿತ್ರಕಲೆ ಕಲಿತ ರಾಯ್, 1943ರಲ್ಲಿ ಕಲ್ಕತ್ತೆಯ ಜಾಹೀರಾತು ಸಂಸ್ಥೆಯೊಂದನ್ನು ಸೇರಿದರು. 'ಪಥೇರ್ ಪಾಂಚಾಲಿ'ಯ ಸಂಕ್ಷಿಪ್ತ ಆವೃತ್ತಿಗೆ ಚಿತ್ರ ಬರೆದ ಕೈಯೇ 1955ರಲ್ಲಿ ಅದನ್ನು ಚಲನಚಿತ್ರವಾಗಿಸಿತು. ತಾತ ಉಪೇಂದ್ರಕಿಶೋರರು ಆರಂಭಿಸಿದ್ದ ಮಕ್ಕಳ ಪತ್ರಿಕೆ 'ಸಂದೇಶ್' 1961ರಲ್ಲಿ ಪುನರಾರಂಭವಾದಾಗ ಅದಕ್ಕಾಗಿ ಕಥೆ ಬರೆದರು. ಚಿತ್ರಗಳನ್ನೂ ತಾವೇ ಬರೆದರು.

ಈ ಬಹುಮುಖ ಪ್ರತಿಭೆಯನ್ನು ಕೊಂಡಾಡುವುದು ಸುಲಭ. ಆದರೆ ಎಲ್ಲ ಮಾಧ್ಯಮಗಳಲ್ಲಿಯೂ ಅವರ ನೈತಿಕ ದೃಷ್ಟಿ ಒಂದೇ ಆಳಕ್ಕೆ ಇಳಿಯಿತೇ? ವರ್ತಕನ ಚಿತ್ರಣವನ್ನೇ ಪರಿಶೀಲಿಸೋಣ. ತಮ್ಮದೇ ಪತ್ತೇದಾರಿ ಕಥೆಯನ್ನು ಆಧರಿಸಿದ 'ಜೊಯ್ ಬಾಬಾ ಫೇಲುನಾಥ್' (1979) ಚಿತ್ರದಲ್ಲಿ ಕಾಶಿಯ ಮಾರವಾಡಿ ವ್ಯಾಪಾರಿ ಮಗನ್‌ಲಾಲ್ ಮೇಘರಾಜ್ ಖಳನಾಯಕ. ನಿರಪರಾಧಿಯೊಬ್ಬನನ್ನು ನಿಲ್ಲಿಸಿ ಅವನ ಸುತ್ತ ಚೂರಿ ಎಸೆಯಿಸುವ ದೃಶ್ಯ ಮರೆಯಲಾಗದು. ಆದರೂ ಅಲ್ಲಿ ಪಾಪವು ಪರರದು; ಪ್ರೇಕ್ಷಕನು ತನ್ನನ್ನು ನಿರ್ದೋಷಿಯೆಂದು ಭಾವಿಸಿ ನೆಮ್ಮದಿಯಿಂದ ಮನೆಗೆ ಮರಳುತ್ತಾನೆ. ಎಳೆಯರಿಗಾಗಿ ಹುಟ್ಟಿದ ಕಥೆಗೆ ಅಷ್ಟು ಸಾಕೆನ್ನಬಹುದು; ಆದರೆ ವ್ಯಾಪಾರದ ಒಳಗುಟ್ಟು ಅಲ್ಲಿ ತಿಳಿಯದು.

ಶಂಕರರ ಕಾದಂಬರಿಯನ್ನು ಆಧರಿಸಿದ 'ಜನ ಅರಣ್ಯ' (1975) ಹಾಗಲ್ಲ. ಪದವೀಧರ ಸೋಮನಾಥನು ಕೆಲಸ ಸಿಗದೆ ದಲಾಲಿ ವೃತ್ತಿಗೆ ಇಳಿಯುತ್ತಾನೆ. ಅವನು ದುಷ್ಟನಲ್ಲ, ಸಂಕೋಚದ ಹುಡುಗ. ದೊಡ್ಡದೊಂದು ಆರ್ಡರಿಗಾಗಿ ಗಿರಾಕಿಯ ಬಳಿಗೆ ಹೆಣ್ಣೊಬ್ಬಳನ್ನು ಕರೆದೊಯ್ಯಬೇಕಾಗುತ್ತದೆ. ಆಕೆ ತನ್ನ ಸ್ನೇಹಿತನ ತಂಗಿಯೆಂದು ಆಗ ತಿಳಿಯುತ್ತದೆ. ಹಣ ಕೊಡುವೆನು, ಹಿಂತಿರುಗೆನ್ನುತ್ತಾನೆ, ಅವಳು ಒಪ್ಪುವುದಿಲ್ಲ. ಕೊನೆಗೆ ತಾನೇ ಅವಳನ್ನು ಬಾಗಿಲವರೆಗೆ ಬಿಟ್ಟುಬರುತ್ತಾನೆ. ಆರ್ಡರು ದೊರೆತ ಸುದ್ದಿ ಕೇಳಿ ಮನೆಯಲ್ಲಿ ತಂದೆ ನಿಟ್ಟುಸಿರು ಬಿಡುತ್ತಾರೆ. ತಂದೆಗೆ ಕಂಡದ್ದು ಜಮೆ ಮಾತ್ರ. ಖರ್ಚು ಬಿದ್ದುದನ್ನು ಬಲ್ಲವನು ಮಗನೊಬ್ಬನೇ.

ಈ ಚಿತ್ರದಲ್ಲಿ ನಿರ್ದೇಶಕರು ಯಾರನ್ನೂ ಶಿಕ್ಷಿಸುವುದಿಲ್ಲ, ಉಪದೇಶಿಸುವುದೂ ಇಲ್ಲ. ಖಳನೊಬ್ಬನನ್ನು ಸೃಷ್ಟಿಸಿದಾಗಿಗಿಂತ, ಸಭ್ಯನೊಬ್ಬನು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ತೋರಿಸಿದಾಗಲೇ ರಾಯ್ ಅವರ ಕಲೆ ಹೆಚ್ಚು ಸತ್ಯವಾಯಿತು. ಮಗನು ಲಾಭದ ಸುದ್ದಿ ತಂದ ದಿನ, ಅದು ಹೇಗೆ ಬಂತೆಂದು ಕೇಳುವ ಹಿರಿಯರು ಮನೆಯಲ್ಲಿ ಇರಬೇಕಲ್ಲವೇ?