ವಿಲಂಬಿತ ಲಯವೂ ತಬಲೆಯ ಠೇಕೆಯೂ: ಧಾರವಾಡದ ಖ್ಯಾಲಗಾಯನವನ್ನು ಕುರಿತ ಒಂದು ವಿಚಾರ

ಹುಬ್ಬಳ್ಳಿ-ಧಾರವಾಡಗಳ ಹಿಂದುಸ್ತಾನೀ ಗಾಯಕರನ್ನು ಕುರಿತ ಬರೆಹಗಳಲ್ಲಿ ಕಂಠ, ರಾಗಜ್ಞಾನ, ಗುರುಪರಂಪರೆಗಳ ಪ್ರಶಂಸೆಯು ಹೇರಳವಾಗಿ ದೊರೆಯುತ್ತದೆ. ಲಯದ ಮಾತು ಬಂದೊಡನೆ ಮಾತ್ರ 'ಗಂಭೀರವಾದ ವಿಲಂಬಿತ' ಎಂಬೊಂದು ವಿಶೇಷಣದಲ್ಲಿ ವಿಚಾರವು ಮುಗಿದುಹೋಗುವುದುಂಟು. ವಿಲಂಬಿತವೆಂದರೆ ನಿಧಾನ, ನಿಧಾನವೆಂದರೆ ಗಾಂಭೀರ್ಯ ಎಂಬ ಈ ಭಾವನೆಯು ಎಷ್ಟರಮಟ್ಟಿಗೆ ಸಾಧುವಾದುದೆಂಬುದು ಪರೀಕ್ಷಿಸತಕ್ಕ ವಿಷಯವಾಗಿದೆ.

13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ 'ಸಂಗೀತರತ್ನಾಕರ'ದಲ್ಲಿ ಲಯವನ್ನು ಕ್ರಿಯೆಯ ತರುವಾಯದ ವಿಶ್ರಾಂತಿಯೆಂದು ನಿರೂಪಿಸಿದ್ದಾನೆ. ದ್ರುತದ ವಿಶ್ರಾಂತಿಗೆ ಇಮ್ಮಡಿಯಾದುದು ಮಧ್ಯ, ಮಧ್ಯಕ್ಕೆ ಇಮ್ಮಡಿಯಾದುದು ವಿಲಂಬಿತ. ಎಂದರೆ, ಲಯವಿರುವುದು ಪೆಟ್ಟಿನಲ್ಲಿ ಅಲ್ಲ, ಪೆಟ್ಟುಗಳ ನಡುವಣ ತೆರಪಿನಲ್ಲಿ. ಛಂದಶ್ಶಾಸ್ತ್ರದಲ್ಲಿ ಪಳಗಿದವರು ಇಲ್ಲಿ ಒಂದು ಎಚ್ಚರವನ್ನು ವಹಿಸಬೇಕು. ಮಂದಾನಿಲ ರಗಳೆಯ ಪಾದಕ್ಕೂ ತೀನತಾಲದ ಆವರ್ತನಕ್ಕೂ ಮಾತ್ರೆಗಳು 16 ಎಂಬ ಸಾಮ್ಯವು ಕಣ್ಣಿಗೆ ಬೀಳುವುದು ಸಹಜ. ಆದರೆ ಛಂದಸ್ಸಿನ ಮಾತ್ರೆಯು ಲಘ್ವಕ್ಷರದ ಉಚ್ಚಾರಕಾಲಕ್ಕೆ ಕಟ್ಟುಬಿದ್ದದ್ದು. ತಾಲದ ಮಾತ್ರೆಗೆ ಅಕ್ಷರದ ಹಂಗಿಲ್ಲ. ವಿಲಂಬಿತ ಖ್ಯಾಲದಲ್ಲಿ ಒಂದು ಲಘುವೇ ಮೂರು ಮಾತ್ರೆಗಳವರೆಗೆ ಚಾಚಿಕೊಳ್ಳಬಹುದು. ಆದಕಾರಣ ಚೀಜಿನ ಸಾಹಿತ್ಯದಿಂದ ತಾಲವನ್ನು ಗುರುತಿಸಲು ಅಲ್ಲಿ ಸಾಧ್ಯವಿಲ್ಲ. ಅದನ್ನು ಹೇಳಬೇಕಾದುದು ಠೇಕೆಯೇ.

ಈ ಪ್ರಾಂತದಲ್ಲಿ ಬಹಳವಾಗಿ ಕೇಳಿಬರುವ ವಿಲಂಬಿತ ಏಕತಾಲದ ಠೇಕೆಯನ್ನು ನೋಡಬಹುದು: ಧಿನ್, ಧಿನ್, ಧಾಗೆ, ತಿರಕಿಟ, ತೂ, ನಾ, ಕತ್, ತಾ, ಧಾಗೆ, ತಿರಕಿಟ, ಧಿನ್, ನಾ. ಪಠ್ಯಪುಸ್ತಕಗಳು ಈ 12 ಮಾತ್ರೆಗಳನ್ನು ಎರಡೆರಡರ ಆರು ವಿಭಾಗಗಳಾಗಿ ಒಡೆದು 1, 5, 9, 11ರಲ್ಲಿ ತಾಳಿಯನ್ನೂ 3, 7ರಲ್ಲಿ ಖಾಲಿಯನ್ನೂ ಹೇಳುತ್ತವೆ. ಕಿವಿಗೆ ಕೇಳುವುದು ಬೇರೆ. ಖಾಲಿಯೆನಿಸಿದ ಮೂರನೆಯ ಮಾತ್ರೆಯಲ್ಲಿ ಡಗ್ಗೆಯ ನಾದವು ತುಂಬಿದೆ. ತಾಳಿಯೆನಿಸಿದ ಐದನೆಯದರಲ್ಲಿ ಡಗ್ಗೆಯು ಮೌನವಾಗಿದೆ. ನಾಲ್ಕರಿಂದ ಎಂಟರವರೆಗೆ ಮೌನವಾಗಿರುವ ಡಗ್ಗೆಯ ತೆರೆದ ನಾದವು ಒಂಬತ್ತರಲ್ಲಿ ಮರಳುತ್ತದೆ. ಹೀಗೆ ಕೇಳುವವನಿಗೆ ಆವರ್ತನವು ಎರಡೆರಡರ ಆರಾಗಿ ಅಲ್ಲ, ನಾಲ್ಕುನಾಲ್ಕರ ಮೂರಾಗಿ ತೋರುತ್ತದೆ. ಇನ್ನೂ ಒಂದು ತೊಡಕುಂಟು. 'ಧಾಗೆ ತಿರಕಿಟ' ಎಂಬ ಜೋಡಿಯು 3-4ರಲ್ಲಿಯೂ ಬರುತ್ತದೆ, 9-10ರಲ್ಲಿಯೂ ಬರುತ್ತದೆ. ಮೊದಲನೆಯದರ ಬೆನ್ನಿಗೆ 'ತೂ ನಾ', ಎರಡನೆಯದರ ಬೆನ್ನಿಗೆ 'ಧಿನ್ ನಾ'. ಸಮವು ಸಮೀಪಿಸಿತೆಂಬುದನ್ನು ಗಾಯಕನಿಗೆ ತಿಳಿಸುವುದು 11ನೆಯ ಮಾತ್ರೆಯ ಈ ಡಗ್ಗೆಯ ಪೆಟ್ಟು. ಅದು ಮಂಕಾದರೆ ಮುಖಡಾ ಎತ್ತಿಕೊಳ್ಳುವವನು ತಡವರಿಸದೆ ಇರಲಾರ.

ಅತಿವಿಲಂಬಿತದ ಪ್ರಚಾರಕ್ಕೆ ಕಿರಾಣಾ ಮನೆತನದ ಅಬ್ದುಲ್ ವಹೀದ್ ಖಾನರು ಕಾರಣರೆಂಬ ಪ್ರತೀತಿಯಿದೆ. ಅವರಿಗೆ ಪ್ರಿಯವಾದದ್ದು 14 ಮಾತ್ರೆಗಳ ಝೂಮರಾ. ಅದೇ ಮನೆತನದ ಅಬ್ದುಲ್ ಕರೀಮ್ ಖಾನರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರ (1886-1952) ಮೂಲಕ ಗಂಗೂಬಾಯಿ ಹಾನಗಲ್ (1913-2009), ಭೀಮಸೇನ ಜೋಶಿ (1922-2011) ಇವರಿಗೆ ಬಂದ ಗಾಯನದಲ್ಲಿ ವಿಲಂಬಿತಕ್ಕೆ ಪ್ರಧಾನಸ್ಥಾನವುಂಟು. ಹಳೆಯವರ ವಿಲಂಬಿತವನ್ನು ಅವರ ಧ್ವನಿಮುದ್ರಿಕೆಗಳಿಂದ ಅಳೆಯಹೊರಡುವುದು ಮಾತ್ರ ಯುಕ್ತವಲ್ಲ. ಮಾತ್ರೆಗೆ ನಾಲ್ಕು ಸೆಕೆಂಡುಗಳಂತೆ ಹಿಡಿದರೆ ಏಕತಾಲದ ಒಂದು ಆವರ್ತನಕ್ಕೆ 48 ಸೆಕೆಂಡುಗಳಾಗುತ್ತವೆ. ಮೂರು ಮಿನಿಟಿನ ತಟ್ಟೆಯಲ್ಲಿ ಅಂತಹ ನಾಲ್ಕು ಆವರ್ತನಗಳೂ ಹಿಡಿಸವು. ಆ ತಟ್ಟೆಗಳಲ್ಲಿ ಉಳಿದಿರುವುದು ಗಾಯಕರ ಲಯವೋ ತಟ್ಟೆಯ ಅವಸರವೋ ಎಂದು ಶಂಕಿಸಬೇಕಾಗುತ್ತದೆ.

ಗಂಗೂಬಾಯಿಯವರ ಗಾಯನದಲ್ಲಿ ಈ ವಿಸ್ತಾರಕ್ಕೆ ಒಳಗಿನ ಕಾರಣವೊಂದಿದೆ. ಒಂದೊಂದು ಸ್ವರವನ್ನೂ ನೆಲೆನಿಲ್ಲಿಸಿ, ಅದರ ಸುತ್ತ ರಾಗವನ್ನು ಬೆಳೆಸಿ, ಮುಂದಿನ ಸ್ವರಕ್ಕೆ ಏರುವ ಬಢತ್ತಿಗೆ ವಿಶಾಲವಾದ ಆವರ್ತನವು ಬೇಕು. ಮುಖಡಾ ಪದೇ ಪದೇ ಬಂದರೆ ಕಟ್ಟಿದ್ದು ಕೆಡುತ್ತದೆ. ಮಲ್ಲಿಕಾರ್ಜುನ ಮನಸೂರರ (1910-1992) ರೀತಿ ಇದಕ್ಕೆ ವಿರುದ್ಧ. ಗ್ವಾಲಿಯರ್ ಪದ್ಧತಿಯ ನೀಲಕಂಠಬುವಾ ಮಿರಜಕರರಲ್ಲಿ ಕಲಿತು, ಆಮೇಲೆ ಜಯಪುರ-ಅತ್ರೌಲಿಯ ಮಂಜೀಖಾನ್, ಬುರ್ಜೀಖಾನರ ತಾಲೀಮು ಪಡೆದ ಅವರ ಬಡಾಖ್ಯಾಲವು ಸಾಮಾನ್ಯವಾಗಿ ಮಧ್ಯಕ್ಕೆ ಸಮೀಪವಾದ ವಿಲಂಬಿತ ತೀನತಾಲದಲ್ಲಿ ನಡೆಯುತ್ತದೆ. ಅಲ್ಲಿ ಮಾತ್ರೆಯ ಮಿಡಿತವು ಎಂದೂ ಮರೆಯಾಗದು. ಅವರ ಸ್ವರವಾಕ್ಯಗಳು ಮಾತ್ರೆಯನ್ನು ಮುಟ್ಟಿಯೂ ಮುಟ್ಟದಂತೆ ಸುತ್ತಿಬಳಸಿ ಹೋಗಿ, ಅನಿರೀಕ್ಷಿತವಾದ ಒಂದು ತಿರುವಿನಿಂದ ಸಮಕ್ಕೆ ಬೀಳುತ್ತವೆ. ಈ ಸೊಗಸು ಮಿಡಿತವು ಕೇಳುತ್ತಿರುವವರೆಗೆ ಮಾತ್ರ ಸೊಗಸು. ಆ ಠೇಕೆಯನ್ನು ಇಮ್ಮಡಿ ನಿಧಾನಗೊಳಿಸಿದರೆ ಮನಸೂರರ ಗಾಯನವು ಹೆಚ್ಚು ಗಂಭೀರವಾಗುವುದಿಲ್ಲ. ಅದರ ಬೆನ್ನೆಲುಬೇ ಮುರಿಯುತ್ತದೆ. ಒಂದೇ ಜಿಲ್ಲೆಯ ಈ ಇಬ್ಬರನ್ನು ಒಂದೇ ಅಳತೆಗೋಲಿನಿಂದ ಅಳೆದು, ನಿಧಾನವಾಗಿ ಹಾಡಿದವರೇ ಆಳವಾಗಿ ಹಾಡಿದರೆನ್ನುವ ವಿಮರ್ಶೆಯು ಗಡಿಯಾರದ ವಿಮರ್ಶೆಯಲ್ಲದೆ ಸಂಗೀತದ್ದಲ್ಲ.

ವಿಶ್ರಾಂತಿಯೇ ಲಯವಾದ ಪಕ್ಷದಲ್ಲಿ ಅದನ್ನು ಕಾಯುವವನು ತಬಲಜಿ. ಅತಿವಿಲಂಬಿತದಲ್ಲಿ ಅವನು ಒಂದೊಂದು ಮಾತ್ರೆಯನ್ನೂ ಮನಸ್ಸಿನಲ್ಲಿ ನಾಲ್ಕಾಗಿ ಒಡೆದುಕೊಂಡು, 48 ಎಣಿಕೆಗಳಲ್ಲಿ ಯಾವುದೂ ಹಿಗ್ಗದಂತೆ, ಕುಗ್ಗದಂತೆ ಸಾಗಬೇಕು. ತೆರಪನ್ನೆಲ್ಲ ಬೋಲುಗಳಿಂದ ತುಂಬಿದರೆ ಗಾಯಕನ ಸ್ವರಕ್ಕೆ ಎಡೆಯಿರುವುದಿಲ್ಲ. ಬರಿದಾಗಿ ಬಿಟ್ಟರೆ ಅವನಿಗೆ ದಾರಿ ತಪ್ಪುತ್ತದೆ. ಗಂಗೂಬಾಯಿಯವರಿಗೆ ಸಾಥಿಯಾಗಿದ್ದ ಶೇಷಗಿರಿ ಹಾನಗಲ್ಲರು, ಈ ಪ್ರಾಂತದ ಗಾಯಕರೊಡನೆ ನುಡಿಸಿದ ಬಸವರಾಜ ಬೆಂಡಿಗೇರಿಯವರು ಇಂತಹ ಕೆಲಸವನ್ನು ಮಾಡಿದವರು. ಗಾಯಕರ ಚರಿತ್ರೆಗಳಲ್ಲಿ ತಬಲಜಿಗಳ ಹೆಸರು ಬಂದರೂ ಒಂದು ವಾಕ್ಯದಲ್ಲಿ ಬಂದುಹೋಗುವುದೇ ಹೆಚ್ಚು. ದೀರ್ಘವಾದ ಧ್ವನಿಮುದ್ರಣಗಳು ಈಗ ಸುಲಭವಾಗಿ ದೊರೆಯುವುದರಿಂದ, ಒಂದೇ ರಾಗದ ಮೂರು ನಾಲ್ಕು ಬೈಠಕ್ಕುಗಳನ್ನು ಎದುರಿಗಿಟ್ಟುಕೊಂಡು, ಹತ್ತು ಮತ್ತು ಹನ್ನೊಂದನೆಯ ಮಾತ್ರೆಗಳ ನಡುವೆ ಯಾವ ತಬಲಜಿಯು ಎಷ್ಟು ನುಡಿಸಿದನು, ಎಷ್ಟು ಬಿಟ್ಟನು ಎಂಬುದನ್ನು ಬರೆದಿಡುವ ಕೆಲಸವನ್ನು ಆರಂಭಿಸಲು ಅಡ್ಡಿಯೇನೂ ಇಲ್ಲ.