ಅರ್ಜಿಯೊಳಗೆ ಹಿಡಿಸದ ಕಲಾವಿದ

ಹೊರಕೆರೆದೇವಪುರದ ಹುಡುಗನೊಬ್ಬ ಅಂತರರಾಷ್ಟ್ರೀಯ ಪ್ರಶಸ್ತಿಯೊಂದರ ಅರ್ಜಿ ಹಿಡಿದು ಮನೆಗೆ ಬಂದಿದ್ದ. ಸಾಣೇಹಳ್ಳಿಯ ರಂಗಶಾಲೆಯಲ್ಲಿ ಕಲಿತವನು. ಹಾಡುತ್ತಾನೆ, ತಮಟೆ ಬಡಿಯುತ್ತಾನೆ, ಮುಖವಾಡ ಮಾಡುತ್ತಾನೆ, ಲೈಟಿಂಗೂ ನೋಡಿಕೊಳ್ಳುತ್ತಾನೆ. ಹಲವು ಕಲೆಗಳನ್ನು ಬೆಸೆಯುವ ಹೊಸಬರಿಗಾಗಿಯೇ ಇರುವ ಪ್ರಶಸ್ತಿ ಅದು. 'ನೀವೊಬ್ಬರೇ ರೂಪಿಸಿದ ಕೃತಿ ಯಾವುದು?' ಎಂಬಲ್ಲಿಗೆ ಬಂದಾಗ ಅವನ ಕೈ ನಿಂತಿತು. "ನಾನೊಬ್ನೇ ಮಾಡಿದ್ದು ಯಾವ್ದೂ ಇಲ್ಲ ಸಾರ್."

ಇಂಥ ಪ್ರಶಸ್ತಿಗಳ ಬಗ್ಗೆ ನನಗೆ ಗೌರವವಿದೆ. ನೆದರ್ಲೆಂಡ್ಸಿನ ಪ್ರಿನ್ಸ್ ಕ್ಲಾಸ್ ನಿಧಿ 2021ರಿಂದ ಕೊಡುತ್ತಿರುವ ಸೀಡ್ ಪ್ರಶಸ್ತಿಯಲ್ಲಿ ತಲಾ 5,000 ಯೂರೋ ಸಿಗುತ್ತದೆ. ವೃತ್ತಿ ಈಗಷ್ಟೇ ಶುರುಮಾಡಿದವರಿಗೆ ನಂಬಿ ಕೊಡುವ ಹಣ ಅದು. ರೋಲೆಕ್ಸ್ ಕಂಪನಿ 2002ರಲ್ಲಿ ಆರಂಭಿಸಿದ ಗುರು-ಶಿಷ್ಯ ಯೋಜನೆಯ ದಾರಿ ಬೇರೆ: ಅಲ್ಲಿ ತಾವಾಗಿಯೇ ಅರ್ಜಿ ಹಾಕುವಂತಿಲ್ಲ, ತಿಳಿದವರು ಹೆಸರು ಸೂಚಿಸಬೇಕು. ನಮ್ಮ ತಬಲಾ ವಾದಕ ಜಾಕಿರ್ ಹುಸೇನ್ ಅಲ್ಲಿ ಗುರುವಾಗಿ ಅಮೆರಿಕದ ಡ್ರಮ್ ವಾದಕ ಮಾರ್ಕಸ್ ಗಿಲ್ಮೋರ್‌ಗೆ ಜೊತೆಯಾದರು. ಹಣಕ್ಕಿಂತ ಆ ಒಡನಾಟದ ಕಾಲವೇ ದೊಡ್ಡದು. ಆದರೆ ಸೂಚಿಸುವವರ ಕಣ್ಣು ಇಂಥ ಹುಡುಗರಿರುವ ಹೊಳಲ್ಕೆರೆ, ಹೊಸದುರ್ಗದ ಕಡೆ ಬೀಳುವುದು ಯಾವಾಗ?

ಮೈಸೂರಿನ ಎನ್. ಎಸ್. ಹರ್ಷ ಅವರಿಗೆ 2008ರಲ್ಲಿ ಬಂದ ಆರ್ಟೆಸ್ ಮುಂಡಿ ಪ್ರಶಸ್ತಿ ಇನ್ನೊಂದು ಬಗೆಯದು. 40,000 ಪೌಂಡಿನ ಆ ಪ್ರಶಸ್ತಿಗೆ ಅಂತಿಮ ಪಟ್ಟಿಯ ಕಲಾವಿದರ ಕೃತಿಗಳನ್ನು ವೇಲ್ಸಿನಲ್ಲಿ ಪ್ರದರ್ಶನಕ್ಕಿಟ್ಟು, ನೋಡಿ ತೀರ್ಮಾನಿಸುತ್ತಾರೆ. ಸಾಲುಸಾಲಾಗಿ ಕೂತ ಜನರ ಒಂದೊಂದು ಮುಖಕ್ಕೂ ಬೇರೆಯದೇ ಬದುಕು ಕೊಡುವ ಹರ್ಷ ಅವರ ಚಿತ್ರಗಳನ್ನು ನೂರು ಪದದ ವಿವರಣೆಯಲ್ಲಿ ಓದಿ ಅಳೆಯಲು ಸಾಧ್ಯವೇ ಇರಲಿಲ್ಲ. ಬಂದು ನೋಡುವುದು ದುಬಾರಿ, ನಿಜ. ಆದರೂ ತೀರ್ಪು ಕೊಡುವವರ ಮೊದಲ ಕರ್ತವ್ಯ ಅದೇ.

ಸಾಣೇಹಳ್ಳಿಗೆ ಬಂದರೆ ಅವರು ಏನು ನೋಡುತ್ತಾರೆ? ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ನೇತೃತ್ವದಲ್ಲಿ 1997ರಲ್ಲಿ ಹೊರಟ ಶಿವಸಂಚಾರ ತಂಡ ವರ್ಷಕ್ಕೆ ಮೂರು ನಾಟಕ ಹೊತ್ತು ಊರೂರು ತಿರುಗುತ್ತದೆ. ಇವತ್ತು ರಾಜನಾದವನು ನಾಳೆ ಪರದೆ ಕಟ್ಟುತ್ತಾನೆ. ಹಾಡಿದವಳೇ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ. ರಂಗಸಜ್ಜಿಕೆ ಲಾರಿಯಿಂದ ಇಳಿದು, ಆಟ ಮುಗಿದ ಮೇಲೆ ಅವರದೇ ಹೆಗಲ ಮೇಲೆ ಮತ್ತೆ ಲಾರಿ ಹತ್ತುತ್ತದೆ. ಸಂಗೀತ, ನಟನೆ, ಚಿತ್ರ, ಮರಗೆಲಸ ಇಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ಕೂತಿಲ್ಲ; ಬೆರೆಯದಿದ್ದರೆ ಸಂಜೆಯ ಆಟವೇ ನಡೆಯುವುದಿಲ್ಲ. ನಮ್ಮ ಬಯಲಾಟದ ಭಾಗವತ ಹಾಡುತ್ತಲೇ ಇಡೀ ಆಟವನ್ನು ನಡೆಸುತ್ತಿದ್ದುದೂ ಹೀಗೆಯೇ.

ಹಾಗೆಂದು ತಿರುಗಾಟದ ತಂಡ ಮಾಡಿದ್ದೆಲ್ಲ ಚೆನ್ನ ಎಂದು ನಾನು ಹೇಳಲಾರೆ. ಒಂದು ವರ್ಷದಲ್ಲಿ ಎಲ್ಲವನ್ನೂ ಮುಟ್ಟಿದವರು ಒಂದರಲ್ಲೂ ಆಳಕ್ಕೆ ಇಳಿಯದೆ ಉಳಿಯುವ ಅಪಾಯವಿದೆ. ತಮಟೆಯಲ್ಲಿ ಈ ಹುಡುಗನ ಕೈ ಪಳಗಿದೆ, ಆದರೆ ಅವನ ಮುಖವಾಡಗಳು ಇನ್ನೂ ಯಾರದೋ ನೆರಳಿನಂತಿವೆ. ಅವನಿಗೆ ಬೇಕಾದದ್ದು ಮುಖವಾಡ ಬಲ್ಲ ಹಿರಿಯರೊಬ್ಬರ ಜೊತೆ ಎರಡು ವರ್ಷ. ಅಂದರೆ ರೋಲೆಕ್ಸ್ ಕೊಡುವಂಥದ್ದು, ಸೀಡ್ ತೋರುವ ನಂಬಿಕೆಯ ಜೊತೆಗೆ. ಈ ಎರಡನ್ನೂ ಒಬ್ಬ ವ್ಯಕ್ತಿಯ ಹೆಸರಿಗೆ ಕಟ್ಟದೆ ತಂಡಕ್ಕೂ ಕೊಡುವ ಪ್ರಶಸ್ತಿ ಬೇಕು ಎಂಬುದು ನನ್ನ ಒತ್ತಾಯ. ಒಬ್ಬನನ್ನು ಎತ್ತಿ ಹೊರಗೆ ಕರೆದೊಯ್ದರೆ ಅವನು ಕಲಿತ ಆ ಕೂಡುಕೆಲಸಕ್ಕೇ ಪೆಟ್ಟು ಬೀಳುತ್ತದೆ.

ಕೊನೆಗೆ ಕೃತಿಯ ವಿವರದಲ್ಲಿ ತಂಡದವರ ಹೆಸರನ್ನೆಲ್ಲ ಬರೆದೆವು. ಪದಮಿತಿ ಮೀರಿತು. ಅಡುಗೆಯವರ ಹೆಸರು ಬಿಡೋಣವೇ ಎಂದು ಕೇಳಿದೆ. ಅವನು ಒಪ್ಪಲಿಲ್ಲ, ತನ್ನ ಪರಿಚಯದ ಎರಡು ಸಾಲು ಅಳಿಸಿ ಕಳಿಸಿದ.